ಅಮೆಜಾನ್ ಕಾಡಿನ ಕಪ್ಪು ಮಣ್ಣು

ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ, ದೊಡ್ಡ ಹೊಳೆಗಳ ಪ್ರವಾಹ ಮುಟ್ಟದ ಎತ್ತರದ ದಂಡೆಗಳ ಮೇಲೆ, ಅಲ್ಲಲ್ಲಿ ಕಡುಗಪ್ಪು ಮಣ್ಣಿನ ನೆಲ ಸಿಗುತ್ತದೆ. ಸುತ್ತಲಿನ ನೆಲವೆಲ್ಲ ಹಳದಿ ಇಲ್ಲವೇ ಕೆಂಪು. ನಡುವೆ ಒಂದೆರಡು ಎಕರೆಯಿಂದ ನೂರಾರು ಎಕರೆಯವರೆಗೆ ಈ ಕಪ್ಪು ಹರಡಿಕೊಂಡಿರುತ್ತದೆ. ಪೋರ್ಚುಗೀಸ್ ಆಡುವ ಅಲ್ಲಿನ ರೈತರು ಇದನ್ನು ‘ತೆರ್ರಾ ಪ್ರೆತಾ ದೊ ಇಂಡಿಯೊ’, ಅಂದರೆ ಇಂಡಿಯನ್ನರ (ಅಲ್ಲಿನ ಮೂಲನಿವಾಸಿಗಳ) ಕಪ್ಪು ಮಣ್ಣು ಎನ್ನುತ್ತಾರೆ. ಉತ್ತರ ಕರ್ನಾಟಕದ ಎರೆಭೂಮಿಗೂ ಇದಕ್ಕೂ ಸಂಬಂಧವಿಲ್ಲ. ಎರೆ ನೋಡಲು ಎಷ್ಟೇ ಕಪ್ಪಾಗಿದ್ದರೂ ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಅಮೆಜಾನಿನ ಈ ಮಣ್ಣಿಗೆ ಬಣ್ಣ ಬಂದದ್ದೇ ಇಂಗಾಲದಿಂದ, ಅದರಲ್ಲೂ ಇದ್ದಿಲಿನಿಂದ. ಮಣ್ಣಿನ ತೂಕದಲ್ಲಿ ಶೇಕಡಾ 15ರವರೆಗೆ ಇಂಗಾಲವಿರುವ ಜಾಗಗಳೂ ಸಿಕ್ಕಿವೆ. ಪಕ್ಕದ ಹಳದಿ ಮಣ್ಣಿನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 2–3ರಷ್ಟು.

ಈ ಮಣ್ಣಿನ ಬಹುಪಾಲು ರೂಪುಗೊಂಡದ್ದು ಇಂದಿಗೆ ಸುಮಾರು 2,500ರಿಂದ 500 ವರ್ಷಗಳ ಹಿಂದಿನ ಅವಧಿಯಲ್ಲಿ. ಅದನ್ನು ಮಾಡಿದವರ ಊರುಗಳು ಅಳಿದವು, ಅವರಾಡುತ್ತಿದ್ದ ಭಾಷೆಗಳಲ್ಲಿ ಎಷ್ಟೋ ಅಳಿದವು. ಮಳೆಕಾಡಿನ ನೆಲದಲ್ಲಿ ಇಂಗಾಲ ಹೇಗೆ ಸೇರುತ್ತದೆ, ಸೇರಿದ್ದು ಹೇಗೆ ನಿಲ್ಲುತ್ತದೆ ಎಂದು ಹುಡುಕುತ್ತ ಹೋದ ವಿಜ್ಞಾನಿಗಳು ಕೊನೆಗೆ ಈ ಜನರ ಒಲೆ, ತಿಪ್ಪೆ, ಹಿತ್ತಲುಗಳ ಬಳಿ ಬಂದು ನಿಂತರು. ಹಾಗಾಗಿ ಈ ಮಣ್ಣಿನ ಕಥೆಯಲ್ಲಿ ರಸಾಯನಶಾಸ್ತ್ರ ಎಷ್ಟಿದೆಯೋ ಚರಿತ್ರೆಯೂ ಅಷ್ಟೇ ಇದೆ.

ಅಮೆಜಾನ್ ಕೊಳ್ಳದ ಮೂಲ ಮಣ್ಣು ಬಹಳ ಹಳೆಯದು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಸಿಕ್ಕಿ ಅದರಲ್ಲಿದ್ದ ಸುಣ್ಣದಂಶ, ಪೊಟ್ಯಾಷ್, ಮೆಗ್ನೀಸಿಯಂಗಳೆಲ್ಲ ತೊಳೆದುಹೋಗಿವೆ. ಉಳಿದಿರುವುದು ಕೆಯೊಲಿನೈಟ್ ಎಂಬ ಜೇಡಿ, ಜೊತೆಗೆ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು. ಪಶ್ಚಿಮ ಘಟ್ಟದ ಜಂಬಿಟ್ಟಿಗೆ ನೆಲವೂ ಇದೇ ರೀತಿ ಸವೆದು ಆದದ್ದು. ಇಂಥ ಜೇಡಿಗೆ ಗೊಬ್ಬರದ ಸತ್ವ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಮಣ್ಣೂ ಹುಳಿ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಬಿಸಿನಾಡಿನಲ್ಲಿ ಉದುರಿದ ಎಲೆಯ ಹೆಚ್ಚಿನ ಪಾಲು ವರ್ಷದೊಳಗೇ ಕೊಳೆತು ಕರಗುತ್ತದೆ. ನೆಲದ ಮೇಲ್ಪದರದಲ್ಲೇ ಹೆಣೆದುಕೊಂಡ ಬೇರು ಮತ್ತು ಶಿಲೀಂಧ್ರಗಳ ಜಾಲ ಅದರ ಸತ್ವವನ್ನು ಕೆಳಗಿಳಿಯಲು ಬಿಡದೆ ಮರಳಿ ಮರಕ್ಕೆ ಮುಟ್ಟಿಸುತ್ತದೆ. ಕಾಡಿನ ಸಿರಿಯೆಲ್ಲ ಮರಗಳಲ್ಲಿದೆ, ನೆಲ ಬರಿದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿದದ್ದು ಈ ಕಾರಣಕ್ಕೆ.

ಗೊಬ್ಬರದ ಸತ್ವದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ, ಇಂಗಾಲದ ಮಟ್ಟಿಗೆ ಅದು ಅರ್ಧಸತ್ಯ. 2011ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರವೊಂದರ ಪ್ರಕಾರ ಉಷ್ಣವಲಯದ ಕಾಡುಗಳ ಒಟ್ಟು ಇಂಗಾಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮರಗಿಡಗಳಲ್ಲಿದ್ದರೆ, ಸುಮಾರು ಮೂರನೆಯ ಒಂದು ಪಾಲು ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿದೆ. ಅದಕ್ಕಿಂತ ಕೆಳಗೆ ಇರುವುದು ಆ ಲೆಕ್ಕಕ್ಕೆ ಸೇರಿಲ್ಲ. ಪರಾ ರಾಜ್ಯದ ಪರಗೊಮಿನಾಸ್ ಬಳಿ ಡೇನಿಯಲ್ ನೆಪ್‌ಸ್ಟಡ್ ಮತ್ತು ಸಂಗಡಿಗರು ಆಳದ ಗುಂಡಿಗಳನ್ನು ತೋಡಿ ನೋಡಿದಾಗ ಕಾಡಿನ ಬೇರು 18 ಮೀಟರಿನವರೆಗೂ ಇಳಿದಿತ್ತು. ಆಳದ ಮಣ್ಣಿನಲ್ಲಿರುವ ಇಂಗಾಲ ನೆಲದ ಮೇಲಿನ ಮರಗಳಲ್ಲಿರುವುದಕ್ಕಿಂತ ಹೆಚ್ಚು ಎಂದು 1994ರಲ್ಲಿ ಅವರು ಬರೆದರು. ಬೇಸಿಗೆಯಲ್ಲಿ ನೀರು ಹುಡುಕಿ ಇಳಿಯುವ ಬೇರು ತನ್ನ ಜೊತೆಗೆ ಇಂಗಾಲವನ್ನೂ ಕೆಳಗೆ ಒಯ್ಯುತ್ತದೆ, ಸತ್ತ ಮೇಲೆ ಅಲ್ಲಿಯೇ ಬಿಟ್ಟುಹೋಗುತ್ತದೆ.

ಹಾಗೆ ಒಳಗೆ ಸೇರಿದ ಇಂಗಾಲ ಕೊಳೆತು ಗಾಳಿಗೆ ಹೋಗದೆ ಉಳಿಯುವುದು ಹೇಗೆ? ಎಲೆ, ಬೇರುಗಳನ್ನು ತಿಂದ ಸೂಕ್ಷ್ಮಜೀವಿಗಳು ಹೆಚ್ಚಿನ ಇಂಗಾಲವನ್ನು ಉಸಿರಾಗಿ ಹೊರಗೆ ಬಿಡುತ್ತವೆ. ಉಳಿದ ಪಾಲು ಅವುಗಳ ಮೈಯಾಗುತ್ತದೆ, ಅವು ಸತ್ತ ಮೇಲೆ ಚೂರುಚೂರಾಗಿ ನೀರಿನೊಡನೆ ಕೆಳಗೆ ಜಾರುತ್ತದೆ. ದಾರಿಯಲ್ಲಿ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳ ಮೇಲ್ಮೈ ಸಿಕ್ಕರೆ ಅಲ್ಲಿಗೇ ಅಂಟಿಕೊಳ್ಳುತ್ತದೆ. ಹೀಗೆ ಖನಿಜಕ್ಕೆ ಅಂಟಿದ ಸಾವಯವ ಕಣವನ್ನು ಬಿಡಿಸಿ ತಿನ್ನುವುದು ಸೂಕ್ಷ್ಮಜೀವಿಯ ಕಿಣ್ವಗಳಿಗೆ ಕಷ್ಟ. ಗೊಬ್ಬರ ಹಿಡಿದಿಡಲಾರದ ಆ ಬಡ ಮಣ್ಣೇ ಇಂಗಾಲವನ್ನು ಭದ್ರವಾಗಿ ಹಿಡಿದುಕೊಳ್ಳುವುದು ಹೀಗೆ. ಇನ್ನೊಂದು ಕಾವಲೂ ಇದೆ. ಗೆದ್ದಲು, ಇರುವೆ, ಎರೆಹುಳುಗಳು ಮಣ್ಣನ್ನು ಜಗಿದು ಹರಳಿನಂಥ ಸಣ್ಣ ಉಂಡೆ ಮಾಡುತ್ತವೆ. ಬೇರಿನ ಅಂಟು, ಶಿಲೀಂಧ್ರದ ಎಳೆ ಆ ಹರಳುಗಳನ್ನು ಬಿಗಿಯುತ್ತವೆ. ಹರಳಿನ ಒಳಗೆ ಸಿಕ್ಕಿಬಿದ್ದ ಇಂಗಾಲಕ್ಕೆ ಗಾಳಿಯೂ ಜೀವಾಣುವೂ ಸುಲಭವಾಗಿ ತಲುಪುವುದಿಲ್ಲ.

ಈ ತಿಳಿವಳಿಕೆಗೆ ವಯಸ್ಸು ಹೆಚ್ಚಾಗಿಲ್ಲ. ಕೊಳೆತ ಪದಾರ್ಥ ಕ್ರಮೇಣ ‘ಹ್ಯೂಮಸ್’ ಎಂಬ ದೊಡ್ಡ, ಗಟ್ಟಿ ಅಣುಗಳಾಗಿ ಹೊಸದಾಗಿ ಹೆಣೆದುಕೊಳ್ಳುತ್ತದೆ, ಅದರ ಗಟ್ಟಿತನದಿಂದಲೇ ಇಂಗಾಲ ಬಾಳುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ನಡೆದುಬಂದ ನಂಬಿಕೆ. ಪ್ರಯೋಗಾಲಯದಲ್ಲಿ ಮಣ್ಣಿಗೆ ಕ್ಷಾರದ ದ್ರಾವಣ ಹಾಕಿ ತೆಗೆದ ಕಪ್ಪು ರಸವನ್ನೇ ಹ್ಯೂಮಸ್ ಎಂದು ಎಣಿಸಲಾಗುತ್ತಿತ್ತು. ಹಾಗೆ ಬಂದ ಅಣುಗಳು ಮಣ್ಣಿನೊಳಗೆ ಅದೇ ರೂಪದಲ್ಲಿ ಇದ್ದವೆಂದು ತೋರಿಸಲು ಯಾರಿಂದಲೂ ಆಗಲಿಲ್ಲ. ಇಂಗಾಲ ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಅದರ ಅಣುವಿಗಿಂತ ಅದು ಬಿದ್ದ ಜಾಗ, ಅಂಟಿದ ಖನಿಜ, ಸುತ್ತಲಿನ ಜೀವ, ನೀರು, ಗಾಳಿ ನಿರ್ಧರಿಸುತ್ತವೆ ಎಂದು 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ವಾದಿಸಿತು. 2015ರಲ್ಲಿ ಯೊಹಾನೆಸ್ ಲೇಮನ್ ಮತ್ತು ಮಾರ್ಕುಸ್ ಕ್ಲೇಬರ್ ಆ ವಾದವನ್ನು ಇನ್ನಷ್ಟು ಬೆಳೆಸಿದರು. ಇದೇ ಲೇಮನ್ ಅದಕ್ಕೂ ಮೊದಲು ವರ್ಷಗಟ್ಟಲೆ ಅಮೆಜಾನಿನ ಕಪ್ಪು ಮಣ್ಣನ್ನು ಅಭ್ಯಾಸ ಮಾಡಿದವರು ಎಂಬುದು ಗಮನಿಸಬೇಕಾದ ಸಂಗತಿ.

ಇದ್ದಿಲು ಮಾತ್ರ ಸ್ವಲ್ಪ ಬೇರೆ ಜಾತಿಯದು. ಗಾಳಿ ಸಾಲದೆ ಅರೆಬೆಂದ ಸೌದೆಯಲ್ಲಿ ಇಂಗಾಲದ ಪರಮಾಣುಗಳು ಉಂಗುರಗಳಾಗಿ ಬೆಸೆದುಕೊಂಡಿರುತ್ತವೆ. ಜೀವಾಣುಗಳಿಗೆ ಅದು ಬಲು ಗಟ್ಟಿ ಆಹಾರ. ಆದ್ದರಿಂದ ಎಲೆ ಒಂದು ವರ್ಷಕ್ಕೆ ಮಾಯವಾಗುವ ನೆಲದಲ್ಲಿಯೂ ಇದ್ದಿಲು ಶತಮಾನಗಳ ಕಾಲ ಬಾಳುತ್ತದೆ. ವೆನೆಜುವೆಲಾದ ಸಾನ್ ಕಾರ್ಲೊಸ್ ದೆ ರಿಯೊ ನೆಗ್ರೊ ಬಳಿಯ ದಟ್ಟ ಕಾಡಿನ ಮಣ್ಣಿನಲ್ಲಿ ಸಿಕ್ಕ ಇದ್ದಿಲಿಗೆ 6,000 ವರ್ಷಗಳವರೆಗಿನ ವಯಸ್ಸಿದೆ ಎಂದು 1985ರ ಅಧ್ಯಯನವೊಂದು ತೋರಿಸಿತು. ಎಂದೂ ಬೆಂಕಿ ಕಂಡಿಲ್ಲವೆಂದು ತಿಳಿದಿದ್ದ ಕಾಡಿಗೂ ಬೆಂಕಿಯ ಚರಿತ್ರೆಯಿತ್ತು.

ಲಿಖಿತ ಚರಿತ್ರೆಯಲ್ಲಿ ಅಮೆಜಾನ್ ಕಾಡಿನ ಜನ ಮೊದಲು ಕಾಣುವುದು 1542ರಲ್ಲಿ. ಗೊನ್ಸಾಲೊ ಪಿಸಾರೊನ ದಂಡು ಹಿಂದಿನ ವರ್ಷ ಕೀಟೊದಿಂದ ಹೊರಟು ಕಾಡಿನಲ್ಲಿ ಹಸಿವಿನಿಂದ ಕಂಗೆಟ್ಟಿತ್ತು. ಅದರಿಂದ ಬೇರ್ಪಟ್ಟ ಫ್ರಾನ್ಸಿಸ್ಕೊ ದೆ ಒರೆಯಾನ ಸಂಗಡಿಗರೊಡನೆ ನಾಪೊ ಹೊಳೆಯಿಂದ ಅಮೆಜಾನಿಗಿಳಿದು, ಆಗಸ್ಟ್ ತಿಂಗಳಲ್ಲಿ ಸಮುದ್ರ ಮುಟ್ಟಿದ. ದೋಣಿಯಲ್ಲಿದ್ದ ಪಾದ್ರಿ ಗಾಸ್ಪರ್ ದೆ ಕಾರ್ವಹಾಲ್ ದಂಡೆಯುದ್ದಕ್ಕೂ ಒತ್ತೊತ್ತಾಗಿದ್ದ ಊರುಗಳನ್ನು, ಒಳನಾಡಿಗೆ ಹೋಗುವ ಅಗಲವಾದ ದಾರಿಗಳನ್ನು, ನುಣುಪಾದ ಬಣ್ಣದ ಮಡಕೆಗಳನ್ನು, ಕಟ್ಟಿಟ್ಟು ಸಾಕಿದ ಆಮೆಗಳನ್ನು ಕುರಿತು ಬರೆದ. ಅವನ ಬರಹ ಅಚ್ಚಾಗಿ ಎಲ್ಲರ ಕೈಗೆ ಸಿಗುವ ಹೊತ್ತಿಗೆ ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಸಿಡುಬು, ದಡಾರ, ಗುಲಾಮರ ಬೇಟೆಗಳಿಂದ ದಂಡೆಯ ಊರುಗಳು ಖಾಲಿಯಾಗಿ ಅವುಗಳ ಮೇಲೆ ಕಾಡು ಬೆಳೆದಿತ್ತು. ಆಮೇಲೆ ಬಂದ ಪ್ರವಾಸಿಗಳಿಗೆ ಕಂಡದ್ದು ಬರೀ ಕಾಡು. ಆದ್ದರಿಂದ ಕಾರ್ವಹಾಲ್ ಬರೆದದ್ದನ್ನು ಕಟ್ಟುಕಥೆ ಎಂದು ತಳ್ಳಿಹಾಕುವುದು ಸುಲಭವಾಯಿತು.

ಕಪ್ಪು ಮಣ್ಣಿನ ಮೇಲೆ ಹೊರಗಿನವರ ಕಣ್ಣು ಬಿದ್ದದ್ದು ಒಕ್ಕಲುತನದ ಮೂಲಕ. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಕೆಲವು ಕುಟುಂಬಗಳು 1867ರ ಸುಮಾರಿಗೆ ತಪಜೋಸ್ ಹೊಳೆ ಅಮೆಜಾನನ್ನು ಸೇರುವ ಸಾಂತಾರೆಮ್ ಬಳಿ ಬಂದು ನೆಲೆಸಿದವು. ಅವರು ಆರಿಸಿಕೊಂಡ ಜಾಗಗಳಲ್ಲಿ ಕಪ್ಪು ನೆಲವೂ ಇತ್ತು, ಅದರಲ್ಲಿ ಕಬ್ಬು ಚೆನ್ನಾಗಿ ಬಂತು. 1870ರ ದಶಕದಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಹಾರ್ಟ್ ಆ ಕಡೆ ಓಡಾಡಿ ಈ ಮಣ್ಣನ್ನೂ ಅದರಲ್ಲಿನ ಮಡಕೆ ಚೂರುಗಳನ್ನೂ ಗುರುತಿಸಿದ. ಅವನ ಜೊತೆ ಬಂದಿದ್ದ ಹರ್ಬರ್ಟ್ ಸ್ಮಿತ್ 1879ರಲ್ಲಿ ಬರೆದ ಪುಸ್ತಕದಲ್ಲಿ, ಈ ಫಲವತ್ತತೆ ಹಳೆಯ ಊರುಗಳ ಅಡುಗೆಮನೆಯ ಕಸದಿಂದ ಶತಮಾನಗಳ ಕಾಲ ಕೂಡಿಬಂದದ್ದು ಎಂದು ಊಹಿಸಿದ. ಇಂದು ನೂರಾರು ಪ್ರಬಂಧಗಳು ಹೇಳುತ್ತಿರುವುದರ ತಿರುಳು ಅವನ ಆ ಊಹೆಯಲ್ಲಿ ಆಗಲೇ ಇತ್ತು.

ಬೆಲೆಮ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ್ದ ಫ್ರೀಡ್ರಿಶ್ ಕಾಟ್ಸರ್ ಇದನ್ನು ರಾಸಾಯನಿಕವಾಗಿ ಪರೀಕ್ಷಿಸಿದ. ಖನಿಜದ ಉಳಿಕೆ, ಸುಟ್ಟ ಸಸ್ಯದ ಚೂರು ಮತ್ತು ಕೊಳೆತ ಸಾವಯವ ಪದಾರ್ಥ, ಈ ಮೂರೂ ಸೇರಿ ಈ ಮಣ್ಣಾಗಿದೆ ಎಂದು 1903ರ ತನ್ನ ಗ್ರಂಥದಲ್ಲಿ ಬರೆದ. 1920ರ ದಶಕದಲ್ಲಿ ಕುರ್ಟ್ ನಿಮುವೆಂಡಜು ಸಾಂತಾರೆಮ್ ಸುತ್ತಲಿನ ಕಪ್ಪು ಮಣ್ಣಿನ ಜಾಗಗಳನ್ನು ಒಂದೊಂದಾಗಿ ನಕ್ಷೆಗೆ ಇಳಿಸಿದ. ಜರ್ಮನಿಯ ಯೇನಾದಲ್ಲಿ ಹುಟ್ಟಿ, ಗ್ವಾರನಿ ಜನ ಕೊಟ್ಟ ಹೆಸರನ್ನೇ ತನ್ನದಾಗಿಸಿಕೊಂಡ ಈ ಮನುಷ್ಯ ಬ್ರೆಜಿಲಿನ ಮೂಲನಿವಾಸಿಗಳ ನಡುವೆಯೇ ಬಾಳಿದವನು. ಆ ಜಾಗಗಳಲ್ಲೆಲ್ಲ ಅವನಿಗೆ ಹಳೆಯ ಊರುಗಳ ಗುರುತು ಕಂಡಿತು.

ಇಷ್ಟಾದರೂ ಮುಂದಿನ ಕೆಲವು ದಶಕಗಳಲ್ಲಿ ಮಾತು ಹಿಂದಕ್ಕೆ ಹೋಯಿತು. ಆಂಡಿಸ್ ಪರ್ವತಗಳ ಜ್ವಾಲಾಮುಖಿ ಬೂದಿ ಬಿದ್ದು ಹೀಗಾಗಿದೆ ಎಂದು ಕೆಲವರು, ಬತ್ತಿಹೋದ ಕೆರೆಗಳ ತಳದ ಕೆಸರು ಎಂದು ಇನ್ನು ಕೆಲವರು ವಾದಿಸಿದರು. ಮಡಕೆ ಚೂರುಗಳು ಸಿಗುವುದಕ್ಕೂ ಅವರಲ್ಲಿ ಉತ್ತರವಿತ್ತು: ಜನ ಮೊದಲೇ ಫಲವತ್ತಾಗಿದ್ದ ಜಾಗ ನೋಡಿ ಊರು ಕಟ್ಟಿದರು. ಈ ವಾದಗಳಿಗೆ ಬಲ ಬಂದದ್ದು ಮಣ್ಣಿನ ಪುರಾವೆಗಿಂತ ಹೆಚ್ಚಾಗಿ ಜನರ ಬಗೆಗಿದ್ದ ಅಭಿಪ್ರಾಯದಿಂದ. ಕಾಡಿನ ನೆಲ ಬಡವಾದ್ದರಿಂದ ಅಲ್ಲಿ ದೊಡ್ಡ ಸಮಾಜಗಳು ಬೆಳೆಯಲಾರವು ಎಂಬುದು ಆಗಿನ ವಿದ್ವತ್ತಿನ ಮುಖ್ಯ ಧಾರೆ. ಮರಾಜೊ ದ್ವೀಪದಲ್ಲಿ ಉತ್ಖನನ ಮಾಡಿದ್ದ ಬೆಟ್ಟಿ ಮೆಗ್ಗರ್ಸ್ 1971ರ ತಮ್ಮ ಪುಸ್ತಕದಲ್ಲಿ ಅಮೆಜಾನನ್ನು ‘ಹುಸಿ ಸ್ವರ್ಗ’ ಎಂದೇ ಕರೆದರು. ಕಪ್ಪು ಮಣ್ಣನ್ನು ಮನುಷ್ಯರೇ ಮಾಡಿದರೆಂದು ಒಪ್ಪಿಬಿಟ್ಟರೆ ಈ ಚಿತ್ರವೇ ಕದಲುತ್ತಿತ್ತು.

ಚಿತ್ರ ಕದಲಿಸಿದವರು ಪುರಾತತ್ವದವರಲ್ಲ, ಒಬ್ಬ ಮಣ್ಣಿನ ಪಂಡಿತ. ಹಾಲೆಂಡಿನ ವಿಮ್ ಸೊಂಬ್ರೂಕ್ ಹುಡುಗನಾಗಿದ್ದಾಗ, 1944–45ರ ಚಳಿಗಾಲದಲ್ಲಿ, ಜರ್ಮನ್ ಆಕ್ರಮಣದಡಿ ಆ ದೇಶ ಭೀಕರ ಹಸಿವು ಕಂಡಿತ್ತು. ತಲೆಮಾರುಗಳಿಂದ ಗೊಬ್ಬರ ತುಂಬಿ ಬೆಳೆಸಿದ ‘ಪ್ಲಾಗೆನ್’ ಮಣ್ಣಿನ ಬೆಲೆ ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಹಾಲೆಂಡ್, ಉತ್ತರ ಜರ್ಮನಿಗಳ ಮರಳು ನೆಲದ ರೈತರು ಮಧ್ಯಯುಗದಿಂದ ಬೀಳು ನೆಲದ ಹುಲ್ಲುಹೆಂಟೆ ಕಿತ್ತು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆದ ಮೇಲೆ ಹೊಲಕ್ಕೆ ಹರಡುತ್ತಿದ್ದರು. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಕಿ, ಆ ಗೊಬ್ಬರವನ್ನು ಅಡಿಕೆ ತೋಟಕ್ಕೆ ಏರಿಸುವ ಮಲೆನಾಡಿನ ಪದ್ಧತಿ ತಿಳಿದವರಿಗೆ ಇದು ಹೊಸದಾಗಿ ಕಾಣುವುದಿಲ್ಲ. ಶತಮಾನಗಳಲ್ಲಿ ಆ ಹೊಲಗಳು ಅರ್ಧ ಮೀಟರಿಗೂ ಹೆಚ್ಚು ಎತ್ತರವಾದವು, ಮಣ್ಣು ಕಪ್ಪಾಯಿತು. ಅಮೆಜಾನಿನಲ್ಲಿ ಕಪ್ಪು ಮಣ್ಣನ್ನು ಕಂಡಾಗ ಸೊಂಬ್ರೂಕ್ ಅದರಲ್ಲಿ ಕೈಕೆಲಸ ಗುರುತಿಸಿದರು. 1966ರಲ್ಲಿ ಬಂದ ಅವರ ‘ಅಮೆಜಾನ್ ಸಾಯಿಲ್ಸ್’ ಗ್ರಂಥ ಇಂಥ ಮಣ್ಣಿನ ಎರಡು ಬಗೆಗಳನ್ನು ಬಿಡಿಸಿ ತೋರಿಸಿತು. ಮಡಕೆ ಚೂರು, ಮೂಳೆ ತುಂಬಿದ ಕಡುಗಪ್ಪು ಮಣ್ಣು ಊರಿದ್ದ ಜಾಗದ್ದು. ಅದರ ಸುತ್ತ ಅಗಲವಾಗಿ ಹಬ್ಬಿದ, ಚೂರುಗಳಿಲ್ಲದ ಕಂದು ಮಣ್ಣು ‘ತೆರ್ರಾ ಮುಲಾತಾ’. ಅದು ಬಹುಕಾಲ ಬೇಸಾಯ ನಡೆದ ಹೊಲದ್ದು ಎಂಬುದು ಅವರ ತೀರ್ಮಾನ. 2003ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಮಣ್ಣಿನ ಪರವಾಗಿ ಮಾತಾಡುತ್ತಲೇ ಇದ್ದರು.

1990ರ ದಶಕದಿಂದ ಮಾನೌಸ್ ನಗರದ ಬಳಿ, ನೆಗ್ರೊ ಮತ್ತು ಸೊಲಿಮೋಸ್ ಹೊಳೆಗಳು ಕೂಡುವ ಕಡೆ, ಎಡ್ವಾರ್ಡೊ ನೆವೆಸ್, ಜೇಮ್ಸ್ ಪೀಟರ್ಸನ್, ಮೈಕೆಲ್ ಹೆಕೆನ್‌ಬರ್ಗರ್ ಅವರ ತಂಡ ವ್ಯವಸ್ಥಿತ ಉತ್ಖನನ ನಡೆಸಿತು. ಇರಾಂಡುಬಾದ ಹತಹರ ಎಂಬಲ್ಲಿ ಹೊಳೆಯ ಎತ್ತರದ ದಂಡೆಯನ್ನು ಅಗೆದಾಗ ಕಂಡ ಮಣ್ಣಿನ ಗೋಡೆ ಈ ಚರಿತ್ರೆಯ ಮುಖ್ಯ ದಾಖಲೆ. ತಳದಲ್ಲಿ ಹಳದಿ ಜೇಡಿ. ಅದರ ಮೇಲೆ ಬಣ್ಣ ನಿಧಾನವಾಗಿ ಕಂದಾಗಿ, ಕಪ್ಪಾಗಿ ಏರುತ್ತದೆ. ಕಪ್ಪಿನ ಅಂಚು ಗೆರೆ ಎಳೆದ ಹಾಗೆ ನೇರವಾಗಿಲ್ಲ. ಹುಳು, ಇರುವೆ, ಬೇರುಗಳು ಮೇಲಿನದನ್ನು ಕೆಳಕ್ಕೆ ಒಯ್ದ ಕಡೆಯಲ್ಲೆಲ್ಲ ಕಪ್ಪಿನ ನಾಲಿಗೆಗಳು ಹಳದಿಯೊಳಗೆ ಇಳಿದಿವೆ. ಮೇಲಿನ ಪದರದ ತುಂಬ ಮಡಕೆ ಚೂರು. ಕೆಲವು ಕಡೆ ಚೂರುಗಳನ್ನು ಹಾಸುಹಾಸಾಗಿ ಪೇರಿಸಿ ದಿಬ್ಬ ಮಾಡಿದ್ದಾರೆ, ದಿಬ್ಬದಲ್ಲಿ ಸತ್ತವರನ್ನು ಹೂಳಿದ್ದಾರೆ. ಚೂರಿನ ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನ ಸೂಜಿಗಳಂಥ ಸಣ್ಣ ಕಡ್ಡಿಗಳು ಮಿನುಗುತ್ತವೆ. ಅವು ‘ಕೌಯಿಶಿ’ ಎಂಬ ಸಿಹಿನೀರಿನ ಸ್ಪಂಜಿನ ಎಲುಬು. ಒಣಗಿ ಸುಡುವಾಗ ಮಡಕೆ ಸೀಳದಿರಲೆಂದು ಕುಂಬಾರಿಕೆಯವರು ಅದನ್ನು ಜೇಡಿಗೆ ಬೆರೆಸುತ್ತಿದ್ದರು. ಮುಟ್ಟಿದರೆ ಮೈ ತುರಿಸುವ ಆ ಸ್ಪಂಜನ್ನು ಹೊಳೆಯಂಚಿನಿಂದ ಕಿತ್ತು ತಂದು ಜೇಡಿಯಲ್ಲಿ ನಾದಿದ ಕೈಗಳ ಶ್ರಮ ಚೂರುಚೂರಿನಲ್ಲೂ ಇದೆ. ಚೂರುಗಳ ನಡುವೆ ಪಿರರುಕು ಎಂಬ ದೊಡ್ಡ ಮೀನಿನ ಮೂಳೆ, ಹೊಳೆ ಆಮೆಯ ಚಿಪ್ಪು, ಇದ್ದಿಲ ತುಣುಕು.

ಮೂಳೆಗಳೇ ಈ ಮಣ್ಣಿಗೆ ರಂಜಕ ಮತ್ತು ಸುಣ್ಣದಂಶ ಕೊಟ್ಟದ್ದು. ಬೂದಿ ಹುಳಿಯನ್ನು ಇಳಿಸಿತು. ಮರಗೆಣಸಿನ ಸಿಪ್ಪೆ, ತಾಳೆಗರಿಯ ಹಳೆ ಮಾಡು, ಹಣ್ಣಿನ ಚರಟ, ಮನುಷ್ಯರ ಮಲಮೂತ್ರ ಎಲ್ಲವೂ ಸೇರಿ ಸಾರಜನಕವೂ ಇತರ ಸತ್ವಗಳೂ ಕೂಡಿದವು. ಇವು ಮಾತ್ರ ಇದ್ದಿದ್ದರೆ ಮಳೆಗೆ ಬೇಗನೆ ತೊಳೆದುಹೋಗುತ್ತಿದ್ದವು. ಹಿಡಿದಿಟ್ಟದ್ದು ಇದ್ದಿಲು. ಕಪ್ಪು ಮಣ್ಣಿನಲ್ಲಿ ಸುಟ್ಟ ಇಂಗಾಲ ಪಕ್ಕದ ಮಣ್ಣಿಗಿಂತ 70 ಪಟ್ಟಿನವರೆಗೂ ಹೆಚ್ಚು ಎಂದು 2001ರಲ್ಲಿ ಬ್ರೂನೊ ಗ್ಲಾಸರ್ ಮತ್ತು ಸಂಗಡಿಗರು ತೋರಿಸಿದರು. ಹೊಸ ಇದ್ದಿಲಿಗೆ ಸತ್ವ ಹಿಡಿಯುವ ಶಕ್ತಿ ಅಷ್ಟಾಗಿಲ್ಲ. ಮಣ್ಣಿನಲ್ಲಿ ಹಲವು ವರ್ಷ ಕಳೆದಂತೆ ಅದರ ಅಂಚುಗಳಿಗೆ ಆಮ್ಲಜನಕ ಸೇರಿ, ಋಣ ವಿದ್ಯುದಂಶ ಬಂದು, ಅಲ್ಲಿ ಸುಣ್ಣ, ಪೊಟ್ಯಾಷ್‌ಗಳು ಅಂಟಿ ನಿಲ್ಲುತ್ತವೆ. ಸೂಕ್ಷ್ಮಜೀವಿಗಳು ಅದರ ರಂಧ್ರಗಳಲ್ಲಿ ಮನೆ ಮಾಡುತ್ತವೆ, ಅವುಗಳ ಸತ್ತ ಮೈ ಇದ್ದಿಲಿಗೂ ಜೇಡಿಗೂ ಅಂಟಿ ಹೊಸ ಇಂಗಾಲ ಸೇರುತ್ತದೆ. ಮೇಲಿನ ಒಂದು ಮೀಟರಿನ ಲೆಕ್ಕದಲ್ಲಿ ಹೆಕ್ಟೇರಿಗೆ ಸಾಮಾನ್ಯ ಮಣ್ಣಿನಲ್ಲಿ ಸುಮಾರು 100 ಟನ್ ಇಂಗಾಲವಿದ್ದರೆ ಕಪ್ಪು ಮಣ್ಣಿನಲ್ಲಿ ಸುಮಾರು 250 ಟನ್ ಎಂಬ ಅಂದಾಜಿದೆ. ಅದರಲ್ಲಿ ಸುಟ್ಟ ಇಂಗಾಲದ ಪಾಲು ಚಿಕ್ಕದು. ಹೆಚ್ಚಿನದು ಅದರ ಆಸರೆಯಲ್ಲಿ ನಿಂತ ಉಳಿದ ಸಾವಯವ ಇಂಗಾಲ. ಖನಿಜ, ಮಣ್ಣಿನ ಹರಳು, ಇದ್ದಿಲು ಮೂರೂ ಒಟ್ಟಾಗಿ ಕೆಲಸ ಮಾಡುವುದನ್ನು ಇಷ್ಟು ಚೆನ್ನಾಗಿ ತೋರಿಸುವ ನೆಲ ಇನ್ನೊಂದು ಸಿಗುವುದು ಕಷ್ಟ.

ಆ ಇದ್ದಿಲು ಬಂದದ್ದು ಎಲ್ಲಿಂದ? ಕಾಡು ಕಡಿದು ಧಗಧಗ ಸುಡುವ ಕುಮರಿ ಬೆಂಕಿಯಲ್ಲಿ ಹೆಚ್ಚಿನದು ಬೂದಿಯಾಗಿ ಹೋಗುತ್ತದೆ, ಇದ್ದಿಲಾಗುವುದು ಸ್ವಲ್ಪ. ಭೂಗೋಳಶಾಸ್ತ್ರಜ್ಞ ವಿಲಿಯಂ ಡೆನೆವನ್ ಇನ್ನೊಂದು ಮುಖ್ಯವಾದ ಪ್ರಶ್ನೆ ಎತ್ತಿದರು. ಯುರೋಪಿಯನ್ನರು ಬರುವ ಮೊದಲು ಅಮೆಜಾನಿನಲ್ಲಿ ಕಬ್ಬಿಣವಿರಲಿಲ್ಲ. ಕಲ್ಲಿನ ಕೊಡಲಿಯಲ್ಲಿ ಒಂದು ದೊಡ್ಡ ಮರ ಉರುಳಿಸಲು ಬಹಳ ದಿನಗಳ ದುಡಿಮೆ ಬೇಕು. ಎರಡು ಮೂರು ಬೆಳೆ ತೆಗೆದು ಬೇರೆ ಕಾಡು ಕಡಿಯಲು ಹೋಗುವುದು ಅವರಿಗೆ ಗಿಟ್ಟುತ್ತಿರಲಿಲ್ಲ. ಒಮ್ಮೆ ತೆರವು ಮಾಡಿದ ನೆಲದಲ್ಲೇ ವರ್ಷಾನುಗಟ್ಟಲೆ ಬೆಳೆಯುವುದು, ಅದಕ್ಕಾಗಿ ಅದೇ ನೆಲವನ್ನು ಪೋಷಿಸುವುದು ಅನಿವಾರ್ಯವಾಗಿತ್ತು. ಇಂದು ಅಮೆಜಾನಿನ ಅನಾದಿ ಪದ್ಧತಿ ಎಂದು ತೋರಿಸುವ ಕುಮರಿ ಬೇಸಾಯದ ಬಹುಪಾಲು ಉಕ್ಕಿನ ಕೊಡಲಿ ಬಂದ ಮೇಲಿನದು ಎಂಬುದು ಡೆನೆವನ್ ವಾದ. ವಸಾಹತು ಕಾಲದಲ್ಲಿ ಚದುರಿಹೋದ ಜನರ ಬಡತನದ ಬೇಸಾಯವನ್ನು ನೋಡಿ, ಅವರ ಪೂರ್ವಿಕರೂ ಹೀಗೆಯೇ ಇದ್ದರೆಂದು ಬರೆದ ಚರಿತ್ರೆ ಎಷ್ಟು ಅನ್ಯಾಯದ್ದೆಂದು ಇದರಿಂದ ತಿಳಿಯುತ್ತದೆ.

ಇದ್ದಿಲು ಹೆಚ್ಚು ಉಳಿಸುವ ಸಣ್ಣ ಬೆಂಕಿಯ ಪದ್ಧತಿ ಕೆಲವು ಕಡೆ ಇನ್ನೂ ಜೀವಂತವಾಗಿದೆ. ಕಯಪೊ ಎಂಬ ಮೂಲನಿವಾಸಿ ಜನರ ನಡುವೆ ಅಭ್ಯಾಸ ಮಾಡಿದ ಸುಸಾನಾ ಹೆಕ್ಟ್, ಅವರು ಹೊಲದಲ್ಲಿ ಕಳೆ, ಬಳ್ಳಿ, ತಾಳೆಗರಿಗಳನ್ನು ಚಿಕ್ಕ ಚಿಕ್ಕ ಗುಡ್ಡೆ ಮಾಡಿ ಹೊಗೆಯಾಡುವ ತಂಪು ಬೆಂಕಿಯಲ್ಲಿ ಮತ್ತೆ ಮತ್ತೆ ಸುಡುವುದನ್ನು ದಾಖಲಿಸಿದ್ದಾರೆ. ಬೂದಿ ಇದ್ದಿಲನ್ನು ಗೆಣಸಿನ ಬುಡಕ್ಕೆ ಹಾಕುತ್ತಾರೆ. ಶಿಂಗು ಹೊಳೆಯ ಮೇಲ್ಭಾಗದ ಕುಯಿಕುರೊ ಜನರಲ್ಲಿ ಊರು ಎಂದರೆ ನಡುವೆ ದುಂಡನೆಯ ಬಯಲು, ಸುತ್ತ ಮನೆಗಳು, ಮನೆಗಳ ಹಿಂದೆ ತಿಪ್ಪೆ. ಮರಗೆಣಸು ಹಸನು ಮಾಡಿದ ಸಿಪ್ಪೆ, ಮೀನಿನ ಮುಳ್ಳು, ಒಲೆಯ ಬೂದಿ ಇದ್ದಿಲು ದಿನವೂ ಅಲ್ಲಿಗೆ ಬೀಳುತ್ತವೆ. ಕೆಲವು ವರ್ಷಗಳಲ್ಲಿ ಆ ತಿಪ್ಪೆ ಕರಗಿ ಕಪ್ಪು ಮಣ್ಣಾದ ಮೇಲೆ ಅಲ್ಲಿ ಬೆಳೆ ಇಡುತ್ತಾರೆ. ಆ ಮಣ್ಣಿಗೆ ಅವರ ಹೆಸರು ‘ಎಗೆಪೆ’. ಮಾರ್ಗನ್ ಶ್ಮಿಟ್ ಮತ್ತು ಸಂಗಡಿಗರು ಕುಯಿಕುರೊ ಸಮುದಾಯದ ಜೊತೆಗೂಡಿ ಮಾಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಊರವರು ಬೂದಿ ಮತ್ತು ಕಸವನ್ನು ನೆಲ ಸುಧಾರಿಸಲೆಂದೇ ಬೇಕೆಂದು ಹರಡುತ್ತಾರೆ. ಅವರ ಇಂದಿನ ಊರಿನ ಮಣ್ಣಿನ ವಿನ್ಯಾಸ ಅದೇ ಪ್ರದೇಶದ ಪುರಾತನ ಊರುಗಳ ಮಣ್ಣಿನ ವಿನ್ಯಾಸಕ್ಕೆ ಹೊಂದುತ್ತದೆ. ಸೆಕು ಎಂಬ ಒಂದೇ ಹಳೆಯ ನೆಲೆಯ ಕಪ್ಪು ಮಣ್ಣಿನಲ್ಲಿ ಸಾವಿರಾರು ಟನ್ ಇಂಗಾಲ ಕೂಡಿದೆ. ಕಸ ತಾನಾಗಿ ಬಿದ್ದು ಮಣ್ಣಾಯಿತೇ, ಮಣ್ಣು ಮಾಡಲೆಂದು ಹಾಕಿದರೇ ಎಂಬ ಹಳೆಯ ಚರ್ಚೆಗೆ ಇಷ್ಟು ಹತ್ತಿರದ ಸಾಕ್ಷಿ ಮೊದಲು ಇರಲಿಲ್ಲ. ಮೊದಲಿಗೆ ಕಸವಾಗಿ ಬಿದ್ದದ್ದರ ಗುಣ ನೋಡಿ ಆಮೇಲೆ ಬೇಕೆಂದೇ ಹಾಕಿರಬೇಕು, ಎರಡೂ ಒಂದೇ ಊರಿನಲ್ಲಿ ನಡೆದಿರಬೇಕು ಎಂದು ತಿಳಿಯುವುದೇ ಸರಿ.

ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದಿತ್ತೆಂದು ಊಹಿಸಲು ಕಾರಣವಿದೆ. ಪಶ್ಚಿಮ ಆಫ್ರಿಕಾದ ಲೈಬೀರಿಯಾ ಮತ್ತು ಘಾನಾದ ಮಳೆಕಾಡು ಪ್ರದೇಶಗಳಲ್ಲಿಯೂ ಊರುಗಳ ಸುತ್ತ ಇಂಥದೇ ಕಪ್ಪು ಮಣ್ಣು ಇರುವುದನ್ನು 2016ರಲ್ಲಿ ದಾವಿತ್ ಸೊಲೊಮನ್, ಜೇಮ್ಸ್ ಫೇರ್‌ಹೆಡ್ ಮತ್ತಿತರರು ವರದಿ ಮಾಡಿದರು. ಪಕ್ಕದ ಮಣ್ಣಿಗಿಂತ ಎಷ್ಟೋ ಪಟ್ಟು ಹೆಚ್ಚು ಇಂಗಾಲ ಅದರಲ್ಲಿದೆ. ಅಲ್ಲಿ ಅದು ಇಂದಿಗೂ ತಯಾರಾಗುತ್ತಿದೆ. ಅಡುಗೆ, ತಾಳೆ ಎಣ್ಣೆ ತೆಗೆಯುವುದು, ಸೋಪು ಕಾಯಿಸುವುದು ಇವುಗಳ ಬೂದಿ, ಇದ್ದಿಲು, ಹಿಂಡಿಗಳನ್ನು ಹೆಂಗಸರು ಊರಂಚಿಗೆ ಹಾಕುತ್ತಾರೆ. ಊರಿಗೆ ಎಷ್ಟು ವಯಸ್ಸಾಗಿದೆ ಎಂಬುದನ್ನು ಆ ಮಣ್ಣಿನ ಆಳ ನೋಡಿ ಹೇಳುವವರೂ ಅಲ್ಲಿದ್ದಾರೆ.

ಕಾಡಿನೊಳಗಣ ಹಳೆಯ ಸಮಾಜಗಳ ಚಿತ್ರವೂ ಈ ನಡುವೆ ಬದಲಾಯಿತು. 2003ರಲ್ಲಿ ಹೆಕೆನ್‌ಬರ್ಗರ್ ಮತ್ತು ಕುಯಿಕುರೊ ಸಹಲೇಖಕರು ಶಿಂಗು ಪ್ರದೇಶದಲ್ಲಿ ಕಂದಕ, ನೇರ ರಸ್ತೆ, ಒಂದಕ್ಕೊಂದು ಜೋಡಿಸಿದ ಊರುಗಳ ಜಾಲವನ್ನು ತೋರಿಸಿದರು. ವಿಮಾನದಿಂದ ಲೇಸರ್ ಹಾಯಿಸಿ ಮರಗಳ ಕೆಳಗಿನ ನೆಲವನ್ನು ನೋಡುವ ಲೈಡಾರ್ ತಂತ್ರ ಬಂದ ಮೇಲೆ 2022ರಲ್ಲಿ ಬೊಲಿವಿಯಾದ, 2024ರಲ್ಲಿ ಈಕ್ವೆಡಾರಿನ ಉಪಾನೊ ಕಣಿವೆಯ ಹಳೆಯ ಪಟ್ಟಣಗಳು ಬೆಳಕಿಗೆ ಬಂದವು. ಕಾರ್ವಹಾಲ್ ಪಾದ್ರಿಯ ಬರಹವನ್ನು ವಿದ್ವಾಂಸರು ಈಗ ಬೇರೆ ಕಣ್ಣಿನಿಂದ ಓದುತ್ತಾರೆ.

ಎಲ್ಲರೂ ಒಪ್ಪಿದ್ದಾರೆಂದಲ್ಲ. ಮಾನೌಸ್ ಬಳಿಯ ಒಂದು ಜಾಗದ ಮಣ್ಣನ್ನು ಪರೀಕ್ಷಿಸಿದ ಲುಕಾಸ್ ಸಿಲ್ವಾ ಮತ್ತು ಸಂಗಡಿಗರು, ಅದರ ಸತ್ವದ ಬಹುಪಾಲು ಹೊಳೆಯ ಮೆಕ್ಕಲಿನಿಂದ ಬಂದದ್ದು, ಜನ ಆಮೇಲೆ ಅಲ್ಲಿ ನೆಲೆಸಿದ್ದು ಎಂದು 2021ರಲ್ಲಿ ವಾದಿಸಿದರು. ಪುರಾತತ್ವಜ್ಞರೂ ಮಣ್ಣಿನ ವಿಜ್ಞಾನಿಗಳೂ ಸೇರಿದ ದೊಡ್ಡ ಗುಂಪೊಂದು ಮರುವರ್ಷವೇ ಇದಕ್ಕೆ ಉತ್ತರ ಕೊಟ್ಟಿತು. ಪುರಾವೆಗಳನ್ನು ತೂಗಿದರೆ ತಕ್ಕಡಿ ಜನರ ಕಡೆಗೇ ವಾಲುತ್ತದೆ. ಸಾಂತಾರೆಮ್‌ನ ದಕ್ಷಿಣಕ್ಕಿರುವ ಬೆಲ್ತೆರ್ರಾ ಪ್ರಸ್ಥಭೂಮಿ ಹೊಳೆಗಿಂತ ನೂರು ಮೀಟರಿಗೂ ಎತ್ತರದಲ್ಲಿದೆ. ಮನುಷ್ಯರ ಕಾಲದಲ್ಲಿ ಯಾವ ಪ್ರವಾಹವೂ ಅಲ್ಲಿಗೆ ಏರಿರಲಾರದು, ಕಪ್ಪು ಮಣ್ಣು ಮಾತ್ರ ಅಲ್ಲಿಯೂ ಇದೆ. ಇಡೀ ಅಮೆಜಾನಿನಲ್ಲಿ ಅದು ಎಷ್ಟು ಹರಡಿದೆ ಎಂಬ ಅಂದಾಜುಗಳು ಶೇಕಡಾ 0.1ರಿಂದ ಶೇಕಡಾ 3ರವರೆಗೆ ಏರಿಳಿಯುತ್ತವೆ.

2000ದ ನಂತರ ಈ ಮಣ್ಣಿನಿಂದ ಸ್ಫೂರ್ತಿ ಪಡೆದ ‘ಬಯೋಚಾರ್’ ಎಂಬ ಹೆಸರು ಜಗತ್ತಿನಲ್ಲೆಲ್ಲ ಹರಡಿತು. ಬೆಳೆಯ ಕಸವನ್ನು ಗಾಳಿಯಿಲ್ಲದೆ ಬೇಯಿಸಿ ಇದ್ದಿಲು ಮಾಡಿ ಹೊಲಕ್ಕೆ ಸೇರಿಸಿದರೆ ಇಂಗಾಲ ನೂರಾರು ವರ್ಷ ನೆಲದಲ್ಲಿ ನಿಲ್ಲುತ್ತದೆ ಎಂಬುದು ಅದರ ತರ್ಕ. ಇಂಗಾಲದ ಮಟ್ಟಿಗೆ ಈ ತರ್ಕ ಗಟ್ಟಿಯಾಗಿಯೇ ಇದೆ. ಆದರೆ ಬರೀ ಇದ್ದಿಲಿನಿಂದ ಕಪ್ಪು ಮಣ್ಣು ಆಗದು. ಮೂಳೆ, ಬೂದಿ, ಮಲ, ಸಿಪ್ಪೆ, ಹುಳು, ಜೀವಾಣು, ಅದರೊಡನೆ ಹತ್ತಾರು ತಲೆಮಾರು ಒಂದೇ ಜಾಗದಲ್ಲಿ ಬಾಳಿದ ಸಂಸಾರಗಳು ಸೇರಿ ಆದ ಮಣ್ಣನ್ನು ಚೀಲದಲ್ಲಿ ತಯಾರಿಸಿ ಮಾರುವಂತಿಲ್ಲ. ಬಯೋಚಾರ್ ಪ್ರಯೋಗಗಳ ಫಲ ಮಣ್ಣಿನಿಂದ ಮಣ್ಣಿಗೆ ಬೇರೆ ಬೇರೆ. ಉಷ್ಣವಲಯದ ಹುಳಿ ಮಣ್ಣಿನಲ್ಲಿ ಇಳುವರಿ ಏರುವುದು ಹೆಚ್ಚು, ಮೊದಲೇ ಫಲವತ್ತಾದ ಸಮಶೀತೋಷ್ಣ ನಾಡುಗಳಲ್ಲಿ ಲಾಭ ಅಷ್ಟಾಗಿ ಕಾಣುವುದಿಲ್ಲ.

ಕಪ್ಪು ಮಣ್ಣಿನ ಮೇಲೆ ಇಂದಿಗೂ ಬೇಸಾಯ ನಡೆಯುತ್ತಿದೆ. ಮಾನೌಸ್ ಸುತ್ತಲಿನ ಸಣ್ಣ ರೈತರು ಹಳದಿ ಮಣ್ಣಿನಲ್ಲಿ ಮರಗೆಣಸು ಹಾಕಿದರೆ, ಕಪ್ಪು ಮಣ್ಣನ್ನು ಪಪ್ಪಾಯಿ, ಕಲ್ಲಂಗಡಿ, ತರಕಾರಿಗಳಿಗೆ ಮೀಸಲಿಡುತ್ತಾರೆ. ಕಳೆಯ ಕಾಟವೂ ಅಲ್ಲಿ ಹೆಚ್ಚು. ಕುಂಡಗಳಿಗೆಂದು ಇದನ್ನು ಅಗೆದು ಮಾರುವ ವ್ಯಾಪಾರವೂ ಬೆಳೆದಿದೆ. ಬ್ರೆಜಿಲಿನ ಪುರಾತತ್ವ ನೆಲೆಗಳನ್ನೆಲ್ಲ ರಕ್ಷಿಸುವ ಕಾನೂನು 1961ರಿಂದಲೇ ಜಾರಿಯಲ್ಲಿದೆ, ಮಡಕೆ ಚೂರಿರುವ ಕಪ್ಪು ಮಣ್ಣು ಅದರ ವ್ಯಾಪ್ತಿಗೆ ಬರುತ್ತದೆ. ಹಾಗಿದ್ದೂ ಬೆಲ್ತೆರ್ರಾ ಪ್ರಸ್ಥಭೂಮಿಯ ಸುತ್ತ ಸೋಯಾ ಹೊಲಗಳು ಹಬ್ಬಿದಂತೆ ಟ್ರ್ಯಾಕ್ಟರಿನ ನೇಗಿಲು ಇಂಥ ನೆಲೆಗಳ ಮೇಲೂ ಹಾಯ್ದಿದೆ. ಉತ್ತ ಮಣ್ಣಿನಲ್ಲಿ ಹರಳು ಒಡೆದು, ಒಳಗೆ ಅಡಗಿದ್ದ ಇಂಗಾಲಕ್ಕೆ ಗಾಳಿ ತಗಲಿ ಅದರ ಮೆದು ಭಾಗ ಬೇಗ ಕಳೆದುಹೋಗುತ್ತದೆ. ಇದ್ದಿಲು ಉಳಿಯುತ್ತದೆ. ಪದರಗಳು ಕಲಸಿಹೋಗುವುದರಿಂದ ಯಾವ ಚೂರು ಯಾವ ಕಾಲದ್ದು, ಒಲೆ ಎಲ್ಲಿತ್ತು, ಹಿತ್ತಲು ಎಲ್ಲಿತ್ತು ಎಂದು ಗುರುತಿಸುವ ದಾರಿ ಮುಚ್ಚುತ್ತದೆ. ಶಿಂಗು ಪ್ರದೇಶದಲ್ಲಿ ಮೂಲನಿವಾಸಿಗಳಿಗೆ ಮೀಸಲಾದ ಕಾಡು ಉಳಿದಿರುವುದರಿಂದ ಅದರ ಒಳಗಿನ ನೆಲೆಗಳು ಇಂಥ ಉಳುಮೆಗೆ ಸಿಕ್ಕಿಲ್ಲ. ಅಲ್ಲಿನ ಹಳೆಯ ಊರುಗಳ ಮಣ್ಣನ್ನು ಅಳೆಯುವ ಕೆಲಸದಲ್ಲಿ ಕುಯಿಕುರೊ ಜನ ಸಂಶೋಧಕರ ಜೊತೆ ತಾವೂ ಪಾಲುದಾರರು.